ಇಡೀ ತರಗತಿಗೊಂದು ಬಾಯಿ

ನಾನು ಬೆರಳನ್ನು ನಾಲಿಗೆಗೆ ತಾಗಿಸಿದರೆ ನಮ್ಮ ತರಗತಿಯಲ್ಲಿ ಪುಟ ತಿರುಗುತ್ತದೆ. ಇದು ಜಂಬದ ಮಾತಲ್ಲ, ಹೊಟ್ಟೆಯುರಿಯ ಮಾತು. ಕರಿಹಲಗೆಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು ನಾನು ಒಂದು ವಾಕ್ಯ ಓದುತ್ತೇನೆ, ಇಡೀ ತರಗತಿ ಅದನ್ನೇ ರಾಗವಾಗಿ ಹೇಳುತ್ತದೆ. ಇನ್ನೊಂದು ಓದುತ್ತೇನೆ, ಅದನ್ನೂ ಹೇಳುತ್ತದೆ. ನಾನು ಹಾಳೆ ಮಗುಚಿದರೆ ಅವರೂ ಮಗುಚುತ್ತಾರೆ. ಒಮ್ಮೆ ನನಗೆ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ ತರಗತಿ ಅಷ್ಟೂ ದಿನ ಒಂದೇ ಪುಟದಲ್ಲಿ ಕೂತಿತ್ತಂತೆ. ನಾನು ವಾಪಸ್ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು.

ಒಂಬತ್ತನೇ ತರಗತಿಯ ಅಷ್ಟು ಮಕ್ಕಳಲ್ಲಿ ಓದಲು ಬರುವುದು ನನ್ನೊಬ್ಬಳಿಗೇ. ಉಳಿದವರಿಗೆ ಅಕ್ಷರವೇ ಗೊತ್ತಿಲ್ಲ ಎಂದಲ್ಲ. ಬಿಡಿಬಿಡಿಯಾಗಿ ತೋರಿಸಿದರೆ ಗುರುತು ಹಿಡಿಯುತ್ತಾರೆ. ಆದರೆ ಅಕ್ಷರಗಳು ಸಾಲಾಗಿ ಕೂತು, ಕೆಳಗೊಂದು ಒತ್ತಕ್ಷರ ಜೋತುಬಿತ್ತೆಂದರೆ ಮುಗಿಯಿತು, ಅಲ್ಲಿಗೆ ಗಾಡಿ ನಿಂತುಬಿಡುತ್ತದೆ. ಬರೆಯುವುದರಲ್ಲಿ ಮಾತ್ರ ಗಟ್ಟಿಗರು. ಹಲಗೆಯ ಮೇಲೆ ಏನಿದ್ದರೂ ಮುತ್ತು ಪೋಣಿಸಿದಂತೆ ಇಳಿಸಿಕೊಳ್ಳುತ್ತಾರೆ. ಕಿಟಕಿ ಪಕ್ಕದ ಗುಂಡಮ್ಮನಿಗೆ ಒಮ್ಮೆ, "ನೀನೇ ಬರೆದಿದ್ದಲ್ವಾ, ಸ್ವಲ್ಪ ಓದು ನೋಡೋಣ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರೆಯೋದು ನನ್ ಕೆಲ್ಸ, ಓದೋದು ನಿನ್ ಕೆಲ್ಸ" ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ, ಹೌದೇನೋ ಎಂದು ನನಗೇ ಒಂದು ಗಳಿಗೆ ಅನ್ನಿಸಿತು.

ಓದದೆಯೂ ಅವರ ದಿನ ಚೆನ್ನಾಗಿಯೇ ಸಾಗುತ್ತದೆ. ಮನೆಯಲ್ಲಿ ಫೋನು ಇದೆ, ಅದಕ್ಕೆ ಮಾತಾಡಿದರೆ ಅದೂ ಮಾತಾಡುತ್ತದೆ. ಲಾರಿ ಓಡಿಸುವ ನಮ್ಮಪ್ಪ ಯಾವ ಊರಲ್ಲಿದ್ದರೂ ದನಿ ಕಳಿಸುತ್ತಾನೆ, ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ದನಿಯಲ್ಲೇ ಬೈದು ಕಳಿಸುತ್ತಾಳೆ. ಫೋನು ಓದಿ ಹೇಳದ್ದು ಇದ್ದರೆ ನಾನಿದ್ದೇನೆ. ಔಷಧಿ ಚೀಟಿ, ಕರೆಂಟ್ ಬಿಲ್ಲು, ಹೊಸ ಕುಕ್ಕರಿನ ಜೊತೆ ಬಂದ ಹಾಳೆ, ಎಲ್ಲ ನಮ್ಮ ಇಸ್ತ್ರಿ ಅಂಗಡಿಗೇ ಬರುತ್ತವೆ. "ನಿನ್ ಮಗಳನ್ನ ಸ್ವಲ್ಪ ಕರೀ ಅಕ್ಕ" ಎನ್ನುತ್ತಾರೆ. ಅಮ್ಮನ ಮುಖ ಊರಗಲ ಆಗುತ್ತದೆ. ಬೀದಿಯಲ್ಲಿ ನನ್ನ ಹೆಸರು ರೇಡಿಯೋ.

ಇದೆಲ್ಲ ಶುರುವಾಗಿದ್ದು ಮೇಷ್ಟ್ರ ಗಂಟಲಿನಿಂದ. ನಮ್ಮ ಭಾಷಾ ಮೇಷ್ಟ್ರು ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದರು. ಮಾತಾಡಿದರೆ ಒಡೆದ ಕೊಳವೆಯಿಂದ ಗಾಳಿ ಬಂದಂತೆ ಬರುತ್ತಿತ್ತು. ಡಾಕ್ಟರು ಬಾಯಿ ಮುಚ್ಚಿಕೊಂಡಿರಿ ಎಂದರು. ಮೇಷ್ಟ್ರು ತರಗತಿಯತ್ತ ಒಮ್ಮೆ ಕಣ್ಣಾಡಿಸಿ ನನ್ನನ್ನು ಎಬ್ಬಿಸಿದರು. ಕೆಲವು ದಿನಕ್ಕೆ ಎಂದಿದ್ದರು. ಆಮೇಲೆ ಸಮಾಜ ವಿಜ್ಞಾನದ ಮೇಡಂ, ಅವರ ಹಿಂದೆ ವಿಜ್ಞಾನದವರು, ಎಲ್ಲರಿಗೂ ಇದೇ ಹಿತವಾಯಿತು. ಪರೀಕ್ಷೆಯಲ್ಲೂ ಪ್ರಶ್ನೆಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವುದು ನಾನೇ. ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಬಾಯಿಪಾಠವಾಗಿದ್ದ ಉತ್ತರ ಅವರ ಕೈಯಿಂದ ತಾನಾಗಿ ಇಳಿಯುತ್ತದೆ. ನಮ್ಮ ಶಾಲೆಗೆ ಒಳ್ಳೆಯ ಹೆಸರಿದೆ.

ನನಗೆ ಓದು ಬಂದದ್ದು ಅಜ್ಜನಿಂದ. ಅಜ್ಜನ ಎರಡು ಕಣ್ಣಿಗೂ ಪೊರೆ ಬಂದಿತ್ತು, ಪೇಪರಿನ ಚಟ ಮಾತ್ರ ಬಿಟ್ಟಿರಲಿಲ್ಲ. ದಿನಾ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದ. ನಾನು ತೊದಲಿದರೆ, ಅಕ್ಷರ ನುಂಗಿದರೆ, ಅವನು ಸುಮ್ಮನೆ ಕೂತಿರುತ್ತಿದ್ದ. ಹೇಳಿಕೊಡೋಣವೆಂದರೆ ಅವನಿಗೆ ಹಾಳೆಯೇ ಕಾಣುತ್ತಿರಲಿಲ್ಲ. ನಾನೇ ಗುದ್ದಾಡಿ ಪದವನ್ನು ಬಿಡಿಸಬೇಕಾಗಿತ್ತು, ಬೇರೆ ದಾರಿ ಇರಲಿಲ್ಲ. ಅಜ್ಜ ಹೋದ. ನನ್ನ ಓದನ್ನು ಈಗ ಊರೆಲ್ಲ ಹಂಚಿಕೊಂಡು ತಿನ್ನುತ್ತಿದೆ.

ಈ ವರ್ಷ ನನಗೊಂದು ಬಾಗಿಲು ತೆರೆಯಿತು. ಚಿಕ್ಕಮ್ಮ ಬೇರೆ ಊರಿನ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಅಡುಗೆ ಕೆಲಸಕ್ಕಿದ್ದಾಳೆ. ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಓದುವ ಕೋಣೆ ನೋಡಿದೆ. ಉದ್ದನೆಯ ಮೇಜು, ಸುತ್ತ ಹುಡುಗಿಯರು. ಪ್ರತಿಯೊಬ್ಬಳ ಮುಂದೆಯೂ ಬೇರೆ ಬೇರೆ ಪುಸ್ತಕ, ಒಬ್ಬಳ ಪುಟ ಇನ್ನೊಬ್ಬಳಿಗೆ ಕಾಯುವುದಿಲ್ಲ. ಯಾರ ಬಾಯಿಯೂ ಆಡುತ್ತಿರಲಿಲ್ಲ. ನಾನು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಚಿಕ್ಕಮ್ಮ ಬಂದು ಕೈ ಹಿಡಿದು ಎಳೆದಳು. ಪ್ರವೇಶ ಪರೀಕ್ಷೆ ಬರೆದೆ, ಸೀಟು ಸಿಕ್ಕಿತು. ತಿಂಗಳು ಮುಗಿಯುವುದರೊಳಗೆ ಸೇರಬೇಕು, ಇಲ್ಲದಿದ್ದರೆ ಅದು ಮುಂದಿನ ಹುಡುಗಿಗೆ.

ನಮ್ಮ ಶಾಲೆಯ ದೊಡ್ಡ ಮೇಡಂ ನನ್ನ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಳ್ಳೇದೇ ಪುಟ್ಟಿ. ಆದ್ರೆ ಇಲಾಖೆಯವ್ರ ತಪಾಸಣೆ ಇದೆಯಲ್ಲ. ಅದೊಂದು ಮುಗೀಲಿ. ನೀನಿಲ್ಲದೆ ಆ ತರಗತೀನ ಯಾರ ಮುಂದೆ ನಿಲ್ಲಿಸ್ಲಿ ಹೇಳು?"

ಅಮ್ಮನದು ಇನ್ನೊಂದು ಪಟ್ಟು. "ನಿಮ್ಮಣ್ಣನ ಪರೀಕ್ಷೆ ಯಾರು ನೋಡ್ತಾರೆ? ನೀನಿಲ್ದೆ ಒಂದ್ಸಲ ನಪಾಸಾಗಿ ಈಗ ನಿನ್ ಜೊತೆ ಕೂತಿದಾನೆ. ಮತ್ತೆ ನಪಾಸಾದ್ರೆ ನಿಮ್ಮಪ್ಪ ಲಾರಿ ತೊಳಿಯೋಕೆ ಕರ್ಕೊಂಡು ಹೋಗ್ತಾನೆ. ಅವನು ಒಂದು ದಡ ಸೇರ್ಲಿ, ಆಮೇಲೆ ನೀನು ಎಲ್ಲಿಗೆ ಬೇಕಾದ್ರೂ ಹೋಗು."

"ಆಮೇಲೆ ಅಂದ್ರೆ ಸೀಟು ಇರಲ್ಲ ಅಮ್ಮ."

"ಹುಡುಗಿ ಚೆನ್ನಾಗಿ ಓದಿದ್ರೆ ಎಲ್ಲಾದ್ರೂ ಸೀಟು ಸಿಗುತ್ತೆ" ಎಂದು ಅಮ್ಮ ಅಂಗಿಯ ಕಾಲರಿಗೆ ನೀರು ಚಿಮುಕಿಸಿದಳು. ಅಲ್ಲಿಗೆ ಮಾತು ಮುಗಿಯಿತು.

ಅಣ್ಣ ನನಗಿಂತ ಒಂದೂವರೆ ವರ್ಷಕ್ಕೆ ದೊಡ್ಡವನು, ಒಂದೂವರೆ ಮೊಳ ಉದ್ದ. ತರಗತಿಯಲ್ಲಿ ಒಂಟೆ ಎನ್ನುತ್ತಾರೆ. ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರೂ ಎಲ್ಲರಿಗಿಂತ ಎತ್ತರಕ್ಕೆ ಕಾಣುತ್ತಾನೆ. ದಡ್ಡನಲ್ಲ, ಅದೇ ಅವನ ಗ್ರಹಚಾರ. ಒಂದು ಪುಟವನ್ನು ಒಂದೇ ಸಲ ಕೇಳಿದರೆ ಚಾಚೂ ತಪ್ಪದೆ ಒಪ್ಪಿಸುತ್ತಾನೆ. ಅಂಥ ಕಿವಿ ಇದ್ದವನಿಗೆ ಕಣ್ಣು ಯಾಕೆ ಬೇಕು ಹೇಳಿ.

ಬೇರೆ ಉಪಾಯ ಹೊಳೆಯದೆ ನಾನು ಅವನಿಗೆ ಓದು ಕಲಿಸಲು ಹೊರಟೆ. ಅಣ್ಣ ಓದಿಬಿಟ್ಟರೆ ಅಮ್ಮನ ಪಟ್ಟು ಸಡಿಲವಾಗುತ್ತದೆ. ಸಂಜೆ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ, ಒಗೆದ ಬಟ್ಟೆಗಳ ಗಂಟುಗಳ ನಡುವೆ ಕೂರುತ್ತಿದ್ದೆವು. ಮೊದಲ ದಿನ ಅವನು ಪಾಠಪುಸ್ತಕದ ಒಂದು ಪುಟವನ್ನು ಪಟಪಟನೆ ಓದಿದ. ನನಗೆ ಆಕಾಶ ಮೂರೇ ಗೇಣು. ಆಮೇಲೆ ನೋಡಿದರೆ ಅವನ ಬೆರಳು ಎರಡು ಸಾಲು ಹಿಂದೆಯೇ ಉಳಿದಿತ್ತು. ಓದಿರಲಿಲ್ಲ, ನನ್ನ ದನಿಯನ್ನು ನೆನಪಿನಿಂದ ತೆಗೆದು ಬಡಿಸುತ್ತಿದ್ದ. ಮರುದಿನ ಅವನು ಎಂದೂ ಕೇಳಿರದ ಹಳೆಯ ಪೇಪರು ತಂದೆ. ಅವನ ಕಿವಿ ಕೆಂಪಾಯಿತು.

"ಇದ್ಯಾಕೆ ಈಗ? ನಿನ್ ಬಾಯಿ ಇದೆಯಲ್ಲ."

"ನನ್ ಬಾಯಿ ಊರು ಬಿಟ್ಟು ಹೋಗುತ್ತೆ."

ಅವನು ನನ್ನ ಮುಖವನ್ನೇ ನೋಡಿದ. ನಾನು ಹೋಗುತ್ತೇನೆಂಬ ಮಾತು ಅವನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಾನು ಹೊರಡುವುದೆಂದರೆ ಅವನಿಗೆ ಬೀದಿಯ ನಲ್ಲಿ ಹೊರಟುಹೋದಂತೆ. ಸ್ವಲ್ಪ ಹೊತ್ತು ಬಟ್ಟೆ ಗಂಟಿನ ದಾರ ಕೀಳುತ್ತಾ ಕೂತ. ಆಮೇಲೆ ಪೇಪರನ್ನು ತೊಡೆಯ ಮೇಲೆ ಹರಡಿ, ಉಗುರಿನಿಂದ ಮೊದಲ ಅಕ್ಷರವನ್ನು ಒತ್ತಿ ಹಿಡಿದ.

ಅಂದಿನಿಂದ ದಿನಾ ಕೂತ. ಅವನ ಓದನ್ನು ಕೇಳುವುದೆಂದರೆ ಹಲ್ಲುನೋವು. "ಮಾ... ರು... ಕ... ಟ್ಟೆ" ಎನ್ನುವಷ್ಟರಲ್ಲಿ ನನ್ನ ಬಾಯೊಳಗೆ "ಮಾರುಕಟ್ಟೆ" ಕುಣಿದು ಸುಸ್ತಾಗಿರುತ್ತಿತ್ತು. ತಡೆಯಲಾಗದೆ ಹೇಳಿಬಿಡುತ್ತಿದ್ದೆ. ಅವನು ನಿಟ್ಟುಸಿರು ಬಿಟ್ಟು, ಖುಷಿಯಾಗಿ ಅದನ್ನೇ ಹೇಳಿ ಮುಂದಿನ ಪದಕ್ಕೆ ನನ್ನತ್ತ ನೋಡುತ್ತಿದ್ದ. ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಆದರೂ ದಿನ ಕಳೆದಂತೆ ಅವನು ಚಿಕ್ಕ ಪದಗಳನ್ನು ದಾಟತೊಡಗಿದ, ಒತ್ತಕ್ಷರಗಳ ಮುಂದೆ ಮೊದಲಿನಂತೆ ಕುಸಿಯುತ್ತಿರಲಿಲ್ಲ. ಒಂದು ಸಂಜೆ ನಾನು ಬಟ್ಟೆ ಕೊಡಲು ಎದ್ದು ಹೋಗಿ ಬರುವಷ್ಟರಲ್ಲಿ ಒಂದು ಇಡೀ ಸಾಲನ್ನು ಒಬ್ಬನೇ ಬಿಡಿಸಿ ಕೂತಿದ್ದ. ಬೆವರಿದ್ದ. "ಬಸ್ಸು ಕೆಟ್ಟು ನಿಂತಿತ್ತಂತೆ ಕಣೇ!" ಎಂದ, ತಾನೇ ಬಸ್ಸನ್ನು ತಳ್ಳಿ ಬಂದವನ ಹಾಗೆ. ನಾನು ಹೊರಡಬಹುದು ಎಂದು ಅಂದು ಮೊದಲ ಬಾರಿಗೆ ನಿಜವಾಗಿ ನಂಬಿದೆ.

ತಪಾಸಣೆಗೆಂದು ಮೇಷ್ಟ್ರು ಇರುವೆಗಳ ಪಾಠವನ್ನು ಗೊತ್ತು ಮಾಡಿದ್ದರು. ಅದನ್ನು ನಾನು ತರಗತಿಗೆ ಓದಿ ಹೇಳಿದ ದಿನ ನನಗೆ ನೆಗಡಿ, ಕಣ್ಣಲ್ಲಿ ನೀರು. ಮಧ್ಯದಲ್ಲಿ ಸಾಲು ಕೈತಪ್ಪಿತು. "ಅಯ್ಯೋ, ಎಲ್ಲಿದ್ದೆ? ಹಾಂ, ಸಿಕ್ತು" ಎಂದು ಗೊಣಗಿ ಮೂಗು ಸೇದಿ ಮುಂದೆ ಓದಿದೆ. ತರಗತಿಯೂ "ಅಯ್ಯೋ, ಎಲ್ಲಿದ್ದೆ? ಹಾಂ, ಸಿಕ್ತು" ಎಂದು ರಾಗವಾಗಿ ಹೇಳಿ ಮೂಗು ಸೇದಿತು. ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ. ತಲೆ ಸಿಡಿಯುತ್ತಿತ್ತು, ಬಿಟ್ಟುಬಿಟ್ಟೆ.

ತಪಾಸಣೆಗೆ ಬಂದವರು ನರೆಗೂದಲಿನ ಒಬ್ಬ ಮೇಡಂ. ಗದರುವವರಲ್ಲ, ನಗುನಗುತ್ತಾ ಒಳಗೆ ಬಂದು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡರು. ದೊಡ್ಡ ಮೇಡಂ ಬಾಗಿಲ ಹತ್ತಿರ ನಿಂತಿದ್ದರು. ಮೇಷ್ಟ್ರು ಗಂಟಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ನನ್ನನ್ನು ಮೊದಲ ಬೆಂಚಿನ ಮೂಲೆಯಲ್ಲಿ ಕೂರಿಸಿದ್ದರು.

ಮೊದಲು ಗುಂಡಮ್ಮ ಪುಸ್ತಕ ಹಿಡಿದು ಎದ್ದಳು. ಇರುವೆಗಳು ಗೂಡಿನಿಂದ ಹೊರಟವು, ಕಾಳು ಹೊತ್ತವು, ಸಾಲಾಗಿ ನಡೆದವು. ಅಷ್ಟರಲ್ಲಿ "ಅಯ್ಯೋ, ಎಲ್ಲಿದ್ದೆ? ಹಾಂ, ಸಿಕ್ತು" ಎಂದು ಅವಳು ಮೂಗು ಸೇದಿದಳು. ತಪಾಸಣೆ ಮೇಡಂ ಮುಗುಳ್ನಕ್ಕರು. "ಪರವಾಗಿಲ್ಲ, ಸಾಲು ತಪ್ಪುತ್ತೆ ಒಂದೊಂದ್ಸಲ" ಎಂದರು. ಎರಡನೆಯವನು ಎದ್ದ. ಅದೇ ಜಾಗದಲ್ಲಿ ಅವನೂ "ಅಯ್ಯೋ, ಎಲ್ಲಿದ್ದೆ?" ಎಂದ, ಅವನಿಗೂ ಸಿಕ್ಕಿತು, ಅವನೂ ಮೂಗು ಸೇದಿದ. ಮೂರನೆಯವಳು ಆ ಜಾಗಕ್ಕೆ ಬರುವ ಹೊತ್ತಿಗೆ ಮೇಡಂ ಪುಸ್ತಕ ಮುಚ್ಚಿ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ನಿರಾಶೆ ಮಾಡಲಿಲ್ಲ. ಮೇಷ್ಟ್ರು ಗೋಡೆಯ ಕಡೆ ತಿರುಗಿದರು.

ನಗಬೇಕಾದ ಮಾತೇ. ನನಗೆ ಮಾತ್ರ ಇಡೀ ತರಗತಿ ನನ್ನ ಗಂಟಲಿನೊಳಗೆ ಕೈ ಹಾಕಿದಂತಾಯಿತು. ಇಷ್ಟು ದಿನ ಅವರು ಪಾಠವನ್ನು ಕಲಿತಿರಲಿಲ್ಲ, ನನ್ನನ್ನು ಕಲಿತಿದ್ದರು.

"ಯಾರು ಓದಿ ಹೇಳ್ತಾರೆ ನಿಮಗೆ?" ಮೇಡಂ ಮೆಲ್ಲಗೆ ಕೇಳಿದರು. ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ಅದರಲ್ಲೂ ಎಂಥ ಹೆಮ್ಮೆ ಅವರಿಗೆ!

ಮೇಡಂ ಚೀಲದಿಂದ ಬೇರೊಂದು ಪುಸ್ತಕ ತೆಗೆದು ನನ್ನ ಕೈಗಿತ್ತರು. ಓದಿದೆ. ಬೇಡವೆನ್ನುವವರೆಗೂ ಓದಿದೆ. ಅವರು ನನ್ನ ತಲೆ ಸವರಿ ದೊಡ್ಡ ಮೇಡಂ ಕಡೆ ತಿರುಗಿದರು.

"ಈ ಮಗು ಬೇರೆ ಶಾಲೆಗೆ ಹೋಗ್ತಿದಾಳೆ ಅಂದ್ರಿ?"

"ಹೌದು ಮೇಡಂ, ಇದೇ ತಿಂಗಳು."

"ಹೋದ್ರೆ ಈ ತರಗತಿ ಗತಿ ಏನು? ವರ್ಷ ಮುಗಿಯೋವರೆಗೂ ಬಿಡಬೇಡಿ. ಮಕ್ಕಳಿಂದ ಮಕ್ಕಳೇ ಕಲೀಲಿ."

ಅಷ್ಟು ಒಳ್ಳೆಯ ಮುಖದಿಂದ ಹೇಳಿದರು. ದೊಡ್ಡ ಮೇಡಂ ತಲೆಯಾಡಿಸಿದರು, ಅವರ ಮುಖದಲ್ಲಿ ನಿರಾಳ ಕಂಡಿತು. ಎದ್ದು ಕಿರುಚಬೇಕೆನ್ನಿಸಿತು. ಎಲ್ಲರ ಮಾತನ್ನೂ ಓದಿ ಹೇಳುವ ಈ ಬಾಯಿಗೆ ತನ್ನದೊಂದು ಮಾತು ಸಿಗಲಿಲ್ಲ. ಬೆಂಚಿನ ಅಂಚನ್ನು ಹಿಡಿದು ಕೂತೆ.

ಕೊನೆಯ ಬೆಂಚು ಕಿರ್ರೆಂದಿತು. ಅಣ್ಣ ಎದ್ದು ನಿಂತಿದ್ದ.

"ಅವಳನ್ನ ಕಳಿಸಿಬಿಡಿ ಮೇಡಂ" ಎಂದ. "ಅವಳು ಇಲ್ಲಿರೋವರ್ಗೂ ನಾವ್ಯಾರೂ ಓದಲ್ಲ."

ಯಾರೋ ಕಿಸಕ್ಕೆಂದರು. ತಪಾಸಣೆ ಮೇಡಂ ನಗಲಿಲ್ಲ. "ನೀನು ಯಾರಪ್ಪ?" ಎಂದರು.

"ಅವಳಣ್ಣ."

"ನಿನಗೆ ಓದೋಕೆ ಬರುತ್ತಾ?"

ಅಣ್ಣ ನನ್ನ ಕಡೆ ನೋಡಲಿಲ್ಲ. "ಬರುತ್ತೆ. ನಿಧಾನಕ್ಕೆ."

ಮೇಡಂ ಅವನನ್ನು ಮುಂದೆ ಕರೆದು, ಅದೇ ಪುಸ್ತಕದಲ್ಲಿ ನಾನು ಓದದ ಒಂದು ಪುಟ ತೆರೆದುಕೊಟ್ಟರು. "ಈ ಒಂದು ಪ್ಯಾರಾ ಸಾಕು. ಎಷ್ಟು ಹೊತ್ತಾದ್ರೂ ಆಗ್ಲಿ, ನಾನು ಕೂತಿರ್ತೀನಿ. ನೀನು ಒಬ್ಬನೇ ಓದಿದ್ರೆ ನಿನ್ ತಂಗಿ ಹೋಗ್ಲಿ, ನಾನೇ ಹೇಳ್ತೀನಿ. ನಿಮ್ಮ ಮನೇಲೂ ಹೇಳ್ತೀನಿ. ಆದ್ರೆ ಯಾರೂ ಬಾಯಿ ಹಾಕಬಾರದು."

ಅಣ್ಣ ಹಲಗೆಯ ಪಕ್ಕದಲ್ಲಿ, ನಾನು ನಿಲ್ಲುವ ಜಾಗದಲ್ಲೇ ನಿಂತ. ಪುಸ್ತಕ ಅವನ ದೊಡ್ಡ ಕೈಯಲ್ಲಿ ಬಿಸ್ಕತ್ತಿನಂತೆ ಕಾಣುತ್ತಿತ್ತು. ಉಗುರಿಟ್ಟು ಶುರು ಮಾಡಿದ. "ಹ... ಡ... ಗು. ಹಡಗು. ದ... ಡ. ದಡ. ಬಿ... ಟ್ಟಿ... ತು." ಒಂದು ವಾಕ್ಯ ಮುಗಿಯಿತು. ತರಗತಿ ಅಭ್ಯಾಸಬಲದಿಂದ "ಹಡಗು ದಡ ಬಿಟ್ಟಿತು" ಎನ್ನಲು ಬಾಯಿ ತೆರೆದು, ಮೇಡಂ ಕೈ ಎತ್ತಿದ್ದು ನೋಡಿ ಮುಚ್ಚಿಕೊಂಡಿತು. ಹಿಂದಿನ ಬೆಂಚುಗಳಲ್ಲಿ ನಗು ಹುಟ್ಟಿ, ನಿಧಾನಕ್ಕೆ ಸತ್ತಿತು. ಗುಂಡಮ್ಮ ಕೂಡ ಕತ್ತು ಮುಂದೆ ಚಾಚಿ ಅವನ ಬೆರಳನ್ನೇ ನೋಡುತ್ತಿದ್ದಳು.

ಎರಡನೆಯ ವಾಕ್ಯ ದಾಟಿದ. ಮೂರನೆಯದರಲ್ಲಿ ಎಡವಿ, ಹಿಂದಕ್ಕೆ ಹೋಗಿ, ಮತ್ತೆ ಬಂದು ದಾಟಿದ. ಅವನ ಹಣೆಯಿಂದ ಬೆವರು ಹಾಳೆಯ ಮೇಲೆ ಬಿತ್ತು. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ನನ್ನ ಅಣ್ಣ, ಮೈದಾನದಲ್ಲಿ ಯಾರಿಗೂ ಸೋಲದವನು, ಎಲ್ಲರ ಮುಂದೆ ಅಂಗನವಾಡಿ ಮಗುವಿನಂತೆ ನಿಂತಿದ್ದ, ನನಗಾಗಿ. ಅವನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ. ಅಷ್ಟು ಸಂಕಟವೂ ಆಗಿರಲಿಲ್ಲ.

ಕೊನೆಯ ವಾಕ್ಯ ಉಳಿದಿತ್ತು. ಅವನು ಬೆಳಕಿಗೆ ತಿರುಗಿದ್ದರಿಂದ ನಾನು ಕೂತಲ್ಲಿಂದ ಪುಟ ಓರೆಯಾಗಿ ಕಾಣುತ್ತಿತ್ತು, ನನ್ನ ಹಾಳು ಕಣ್ಣಿಗೆ ಅಷ್ಟೇ ಸಾಕು. "ದ್ವೀ... ಪ. ದ್ವೀಪ. ವ... ನ್ನು. ದ್ವೀಪವನ್ನು. ಕಂ... ಡು. ಕಂಡು." ಅಲ್ಲಿ ನಿಂತ. ಮುಂದಿನದು ಆಶ್ಚರ್ಯ. ಒತ್ತಕ್ಷರದ ಬೆನ್ನಿಗೆ ಒತ್ತಕ್ಷರ. ಅವನ ಉಗುರು ಅದರ ಕೆಳಗೆ ಅತ್ತಿತ್ತ ಆಡಿತು. "ಆ..." ಎಂದ. ಮತ್ತೆ "ಆ..." ಎಂದ. ಮೇಡಂ ಕೈಕಟ್ಟಿ ಕೂತೇ ಇದ್ದರು, ಅವರಿಗೆ ಯಾವ ಅವಸರವೂ ಇರಲಿಲ್ಲ. ಅವಸರವಿದ್ದದ್ದು ನನಗೆ. ಆ ಪದ ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. ತುಟಿ ಕಚ್ಚಿದೆ. ಅವನ ಕಣ್ಣಿನಲ್ಲಿ ನೀರು ತುಂಬುತ್ತಿತ್ತು. ಅವನು ಇನ್ನೊಮ್ಮೆ ಬಗ್ಗಿ, ತುಟಿಗಳನ್ನು ಮುಂದೆ ಮಾಡಿ "ಆ... ಶ್..." ಎಂದ.

"ಆಶ್ಚರ್ಯಪಟ್ಟರು" ಎಂದೆ.

ನನ್ನದೇ ದನಿ ನನಗೆ ಕೇಳಿಸಿತು. ಗಟ್ಟಿಯಾಗಿ, ಸ್ಪಷ್ಟವಾಗಿ, ದಿನಾ ಹೇಳುವ ಹಾಗೆ.

"ದ್ವೀಪವನ್ನು ಕಂಡು ಆಶ್ಚರ್ಯಪಟ್ಟರು" ಎಂದು ಇಡೀ ತರಗತಿ ರಾಗವಾಗಿ ಹೇಳಿತು.

ಮೇಡಂ ಕಣ್ಣು ಮುಚ್ಚಿ ತೆರೆದರು. ಎದ್ದು, ಅಣ್ಣನ ಕೈಯಿಂದ ಪುಸ್ತಕ ತೆಗೆದುಕೊಂಡು ಚೀಲಕ್ಕೆ ಹಾಕಿದರು. ದೊಡ್ಡ ಮೇಡಂ ಅವರಿಗೆ ದಾರಿ ಬಿಟ್ಟರು. ಅಣ್ಣ ಖಾಲಿ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದ. ಅವನ ತುಟಿಗಳು ಇನ್ನೂ ಆ ಪದಕ್ಕಾಗಿ ಮುಂದೆ ಬಂದೇ ಇದ್ದವು. ಅವನಿಗೆ ಅದು ಬಂದುಬಿಟ್ಟಿತ್ತು. ಬಾಯಿಗೆ ಬಂದದ್ದನ್ನು ನಾನು ಕಸಿದುಕೊಂಡಿದ್ದೆ.

ಹೊರಗೆ ಅವರ ಚಪ್ಪಲಿಯ ಸದ್ದು ದೂರವಾಯಿತು. ಮೇಷ್ಟ್ರು ಗಂಟಲಿನ ಬಟ್ಟೆಯನ್ನು ಸರಿಮಾಡಿಕೊಂಡು, ಪಾಠಪುಸ್ತಕ ತೆಗೆಯಿರಿ ಎಂದು ಕೈಸನ್ನೆ ಮಾಡಿದರು. ಎಲ್ಲರೂ ತೆಗೆದರು. ಯಾವ ಪುಟ ಎಂದು ಎಲ್ಲರೂ ನನ್ನ ಕಡೆ ನೋಡಿದರು. ಅಣ್ಣನೂ ನೋಡಿದ.

ನಾನು ಎದ್ದು ಹಲಗೆಯ ಪಕ್ಕಕ್ಕೆ ಹೋದೆ.